ಒಂದೇ ಆಟೋಕ್ಯಾಡ್, ಎರಡು ಪ್ರೊಫೈಲ್

ಬಳ್ಳಾರಿ ಕಡೆಯ ಡ್ರಾಫ್ಟಿಂಗ್ ಆಫೀಸಿನಲ್ಲಿ ತೋರಣಗಲ್ಲಿನ ಕನ್ವೇಯರ್ ಸ್ಟ್ರಕ್ಚರ್, ಗಂಗಾವತಿ ರೈಸ್ ಮಿಲ್ಲಿನ ಎಲಿವೇಟರ್, 30×40 ಸೈಟಿನ ಮನೆ ಪ್ಲಾನ್ ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ, ನಕ್ಷೆ ಬರೆಯುವ ಸಾಫ್ಟ್‌ವೇರ್ ಆಟೋಕ್ಯಾಡಿನಲ್ಲೇ ನಡೆಯುತ್ತವೆ. ಫ್ಯಾಬ್ರಿಕೇಶನ್ನಿಗೆ ಮಿಲಿಮೀಟರ್, ಮನೆಗೆ ಅಡಿ-ಇಂಚು. ಪ್ರತಿ ಸಲ ಸೆಟ್ಟಿಂಗ್ ತಿರುವುವ ಬದಲು ಎರಡು ಪ್ರೊಫೈಲ್, ಅಂದರೆ ಹೆಸರು ಕೊಟ್ಟು ಉಳಿಸಿದ ಸೆಟ್ಟಿಂಗುಗಳ ಕಟ್ಟು, ಇಟ್ಟುಕೊಳ್ಳಿ.

ಆಪ್ಷನ್ಸ್ ಕಮಾಂಡ್ ಕೊಟ್ಟು, ಪ್ರೊಫೈಲ್ಸ್ ಟ್ಯಾಬಿನಲ್ಲಿ ‘ಆ್ಯಡ್ ಟು ಲಿಸ್ಟ್’ ಒತ್ತಿ, ‘ಫ್ಯಾಬ್’ ಅಂತ ಹೆಸರಿಡಿ. ಫೋಲ್ಡರ್ ದಾರಿಗಳನ್ನು ಹಾಕುವ ಫೈಲ್ಸ್ ಟ್ಯಾಬಿಗೆ ಈಗಲೇ ಹೋಗಬೇಡಿ. ಮೊದಲು ‘ಸೆಟ್ ಕರೆಂಟ್’ ಒತ್ತಿ. ಇಲ್ಲದಿದ್ದರೆ ನೀವು ಮಾಡುವ ಬದಲಾವಣೆಯೆಲ್ಲ ಹಳೇ ಪ್ರೊಫೈಲಿಗೇ ಹೋಗುತ್ತದೆ. ‘ಮನೆ’ ಪ್ರೊಫೈಲಿಗೂ ಇದೇ ಕ್ರಮ.

ಪ್ರೊಫೈಲಿನಲ್ಲಿ ಇರುವುದು ಹೆಚ್ಚಾಗಿ ವಿಳಾಸಗಳು: ಸಪೋರ್ಟ್ ಫೈಲ್ ಹುಡುಕುವ ದಾರಿ, ಸಿಟಿಬಿ (ಪ್ರಿಂಟಿನಲ್ಲಿ ಗೆರೆಯ ದಪ್ಪ ಹೇಳುವ ಫೈಲ್) ಇರುವ ಫೋಲ್ಡರ್, ಹೊಸ ಡ್ರಾಯಿಂಗಿನ ಕ್ಯೂ-ನ್ಯೂ ಕಮಾಂಡ್ ತೆರೆಯಬೇಕಾದ ಟೆಂಪ್ಲೇಟ್. ಯೂನಿಟ್, ಎಲ್‌ಟಿ-ಸ್ಕೇಲ್, ಡಿಮ್-ಸ್ಕೇಲ್ (ತುಂಡು ಗೆರೆಗಳ ಮತ್ತು ಅಳತೆ ಬರಹದ ಸ್ಕೇಲ್) ಡ್ರಾಯಿಂಗಿನೊಳಗೇ ಉಳಿಯುತ್ತವೆ. ಪ್ರೊಫೈಲ್ ಬದಲಿಸಿದ ಮಾತ್ರಕ್ಕೆ ತೆರೆದಿರುವ ಡ್ರಾಯಿಂಗ್ ಇಂಚಿನಿಂದ ಮಿಲಿಮೀಟರಿಗೆ ಬರುವುದಿಲ್ಲ. ಹಾಗಾಗಿ ಎರಡು ಟೆಂಪ್ಲೇಟ್ ಬೇಕೇ ಬೇಕು: ಡ್ರಾಯಿಂಗಿನ ಯೂನಿಟ್ ಹೇಳುವ ಇನ್ಸ್‌ಯೂನಿಟ್ಸ್ ಫ್ಯಾಬಿನದರಲ್ಲಿ 4 (ಮಿಲಿಮೀಟರ್), ಮನೆಯದರಲ್ಲಿ 1 (ಇಂಚು).

ಹೆಚ್ಚು ಕಾಡುವುದು ಯೂನಿಟ್ ಇಲ್ಲದ, ಅಂದರೆ ಇನ್ಸ್‌ಯೂನಿಟ್ಸ್ 0 ಇರುವ ಹಳೇ ಬ್ಲಾಕ್ (ಡ್ರಾಯಿಂಗಿಗೆ ಮತ್ತೆ ಮತ್ತೆ ಸೇರಿಸುವ ಸಿದ್ಧ ಚಿತ್ರ). ಮೂರಡಿ ಬಾಗಿಲನ್ನು 36 ಅಂತ ಬರೆದಿರುತ್ತಾರೆ. ಯೂಸರ್ ಪ್ರಿಫರೆನ್ಸಸ್ ಟ್ಯಾಬಿನ ಇನ್ಸರ್ಶನ್ ಸ್ಕೇಲಿನಲ್ಲಿ ಸೋರ್ಸ್ ಮಿಲಿಮೀಟರ್ ಆಗಿದ್ದರೆ ಆಟೋಕ್ಯಾಡ್ ಅದನ್ನು 36 ಮಿ.ಮೀ. ಎಂದೇ ತಿಳಿದು 25.4ರಿಂದ ಭಾಗಿಸುತ್ತದೆ, ಮನೆ ಪ್ಲಾನಿನಲ್ಲಿ ಒಂದೂವರೆ ಇಂಚೂ ಇಲ್ಲದ ಬಾಗಿಲು ಬಂದು ಕೂರುತ್ತದೆ. ‘ಮನೆ’ ಪ್ರೊಫೈಲಿನಲ್ಲಿ ಸೋರ್ಸನ್ನು ಇಂಚ್ ಮಾಡಿ. ಬ್ಲಾಕನ್ನೇ ತೆರೆದು ಯೂನಿಟ್ ಸರಿ ಮಾಡಿಡುವುದು ಇನ್ನೂ ಒಳ್ಳೆಯದು, ಆದರೆ ಅಷ್ಟು ಪುರುಸೊತ್ತು ಯಾರಿಗಿರುತ್ತದೆ!

ಕಮಾಂಡುಗಳ ಶಾರ್ಟ್‌ಕಟ್ ಅಕ್ಷರಗಳಿರುವ ಅಕಾಡ್.ಪಿಜಿಪಿ ಫೈಲ್ ಎರಡು ಕಡೆ ಇದ್ದರೆ ಸಪೋರ್ಟ್ ದಾರಿಯಲ್ಲಿ ಮೊದಲು ಸಿಕ್ಕಿದ್ದೇ ಲೋಡ್ ಆಗುತ್ತದೆ. ಶಾರ್ಟ್‌ಕಟ್ ಅಕ್ಷರಗಳು ಕೈಕೊಟ್ಟರೆ ನಿಮ್ಮ ಫೋಲ್ಡರನ್ನು ‘ಮೂವ್ ಅಪ್’ ಮಾಡಿ ಮೇಲಕ್ಕೆ ತನ್ನಿ. ಪ್ಲಾಟ್ ವಿಂಡೋದಲ್ಲಿ ಸಿಟಿಬಿ ಹೆಸರಿನ ಮುಂದೆ ‘ಮಿಸ್ಸಿಂಗ್’ ಅಂತ ಕಂಡರೆ ಪ್ರಿಂಟ್ ಕೊಡಬೇಡಿ, ಗೆರೆಯ ದಪ್ಪವೆಲ್ಲ ಕೆಡುತ್ತದೆ.

ಡೆಸ್ಕ್‌ಟಾಪಿನಲ್ಲಿ ಪ್ರೊಫೈಲಿಗೊಂದರಂತೆ ಆಟೋಕ್ಯಾಡಿನ ಎರಡು ಐಕಾನ್ ಮಾಡಿ. ಪ್ರಾಪರ್ಟೀಸಿನ ಟಾರ್ಗೆಟ್ ಸಾಲಿನ ಕೊನೆಯಲ್ಲಿ, ಉದ್ಧರಣ ಚಿಹ್ನೆ ಮುಗಿದ ಮೇಲೆ, ಒಂದು ಜಾಗ ಬಿಟ್ಟು ಓರೆಗೆರೆ (/), ಪಿ ಅಕ್ಷರ, ಮತ್ತೆ ಜಾಗ ಬಿಟ್ಟು ಪ್ರೊಫೈಲಿನ ಹೆಸರು. ಹೆಸರಿನ ನಡುವೆ ಜಾಗವಿದ್ದರೆ ಅದಕ್ಕೂ ಉದ್ಧರಣ ಚಿಹ್ನೆ ಬೇಕು.

ಆಪ್ಷನ್ಸಿನಲ್ಲಿ ಏನೇ ಬದಲಿಸಿದರೂ ಪ್ರೊಫೈಲಿಗೆ ತಾನಾಗಿಯೇ ಸೇರಿಬಿಡುತ್ತದೆ, ಸೇವ್ ಮಾಡಲೇ ಅಂತ ಕೇಳುವುದಿಲ್ಲ. ಅದಕ್ಕೇ ಸರಿಯಿದ್ದಾಗಲೇ ‘ಎಕ್ಸ್‌ಪೋರ್ಟ್’ ಒತ್ತಿ ಎಆರ್‌ಜಿ ಫೈಲ್ (ಪ್ರೊಫೈಲಿನ ನಕಲು) ತೆಗೆದಿಡಿ. ಪಕ್ಕದ ಕಂಪ್ಯೂಟರಿಗೆ ಒಯ್ಯುವ ಮುನ್ನ ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ: ನಿಮ್ಮ ವಿಂಡೋಸ್ ಯೂಸರ್ ಹೆಸರು ದಾರಿಯೊಳಗೆ ಇದ್ದರೆ ಅಲ್ಲಿ ಆ ಫೋಲ್ಡರೇ ಸಿಗುವುದಿಲ್ಲ. ಟೆಂಪ್ಲೇಟ್, ಸಿಟಿಬಿಗಳನ್ನು ಎಲ್ಲ ಕಂಪ್ಯೂಟರಿನಲ್ಲೂ ಡಿ ಡ್ರೈವಿನ ಒಂದೇ ಹೆಸರಿನ ಫೋಲ್ಡರಿನಲ್ಲಿಟ್ಟರೆ ಆ ತಕರಾರು ಬರುವುದಿಲ್ಲ. ಯಾವ ಪ್ರೊಫೈಲಿನಲ್ಲಿದ್ದೀರಿ ಅಂತ ಅನುಮಾನ ಬಂದರೆ ಕಮಾಂಡ್ ಲೈನಿನಲ್ಲಿ ಸಿಪ್ರೊಫೈಲ್ (CPROFILE) ಅಂತ ಟೈಪ್ ಮಾಡಿ, ಹೆಸರು ತೋರಿಸುತ್ತದೆ.