ಎಲ್ಲಿಂದ ಎಲ್ಲಿಗೆ

ಗುರುವಾರ, 13 ನವೆಂಬರ್ 2025

ನಾನು ಎಲೆಕ್ಟ್ರಿಕಲ್ ಡ್ರಾಯಿಂಗ್ ಮಾಡಿಕೊಟ್ಟ ಕಟ್ಟಡದ ಸೈಟಿನಲ್ಲಿ ಎಲೆಕ್ಟ್ರಿಷಿಯನ್ ಅಣ್ಣ ಕೇಳಿದ್ದು ಇನ್ನೂ ಕಿವಿಯಲ್ಲೇ ಇದೆ. "ಮೇಡಂ, ಲಿಫ್ಟ್ ಪ್ಯಾನೆಲ್‌ಗೆ ಎಸ್‌ಎಲ್‌ಡಿಯಲ್ಲಿ 63 ಆಂಪ್ಸ್ ಅಂತಿದೆ. ಶೆಡ್ಯೂಲ್‌ನಲ್ಲಿ 100 ಇದೆ. ಯಾವುದು ಹಾಕ್ಲಿ?"

100 ಸರಿ. ಲಿಫ್ಟ್ ಮೋಟರ್ ಬದಲಾದಾಗ ಕಟ್ಟಡದ 3ಡಿ ಮಾಡೆಲ್‌ನಲ್ಲಿ ನಾನೇ ತಿದ್ದಿದ್ದೆ. ಮಾಡೆಲ್‌ನಿಂದ ಬರುವ ಪ್ಯಾನೆಲ್ ಪಟ್ಟಿ, ಅಂದರೆ ಶೆಡ್ಯೂಲ್, ತಾನಾಗೇ ಬದಲಾಯಿತು. ಎಸ್‌ಎಲ್‌ಡಿ, ಅಂದರೆ ಕರೆಂಟಿನ ದಾರಿಯನ್ನು ಗೆರೆಗಳಲ್ಲಿ ತೋರಿಸುವ ಸಿಂಗಲ್ ಲೈನ್ ಡಯಾಗ್ರಾಮ್, ಬದಲಾಗಲಿಲ್ಲ, ಅದನ್ನು ತಿದ್ದೋದು ನಾನು ಮರೆತೆ. ಅವರು ಕೇಳದೆ 63ಕ್ಕೆ ತಕ್ಕ ಕೇಬಲ್ ಎಳೆದು, ಮುಂದೆ ಯಾರೋ 100ರ ಬ್ರೇಕರ್ ಕೂರಿಸಿದ್ದರೆ? ಕೇಬಲ್ ಬಿಸಿಯಾಗುತ್ತಿತ್ತು, ಬ್ರೇಕರ್ ಟ್ರಿಪ್ ಆಗದೆ ಸುಮ್ಮನಿರುತ್ತಿತ್ತು. ನೆನೆಸಿಕೊಂಡರೆ ಈಗಲೂ ಹೊಟ್ಟೆ ತೊಳಸುತ್ತದೆ.

ಈ ಮಾಡೆಲ್ ಮಾಡುವ ಸಾಫ್ಟ್‌ವೇರ್ ರೆವಿಟ್‌ನಲ್ಲಿ ಕೆಲಸ ಮಾಡುವವರಿಗೆ ಇದು ಗೊತ್ತೇ ಇರುತ್ತದೆ. ಕೇಬಲ್ ಟ್ರೇ ಬೀಮ್‌ಗೆ ತಾಗಿದರೆ ಅದು ತೋರಿಸುತ್ತದೆ. ಯಾವ ಸರ್ಕ್ಯೂಟ್ ಯಾವ ಪ್ಯಾನೆಲ್‌ನಿಂದ ಬಂತು ಅನ್ನೋದೂ ಅದಕ್ಕೆ ಗೊತ್ತು. ಆದರೆ ಅಷ್ಟೆಲ್ಲ ಗೊತ್ತಿದ್ದೂ ಎಸ್‌ಎಲ್‌ಡಿಯನ್ನು ತಾನಾಗಿ ಬರೆದುಕೊಡುವುದಿಲ್ಲ. ಡ್ರಾಫ್ಟಿಂಗ್ ವ್ಯೂ ಅನ್ನೋ ಖಾಲಿ ಹಾಳೆ ತೆರೆದು ಒಂದೊಂದೇ ಗೆರೆ ಎಳೆಯಬೇಕು, ಒಂದೊಂದೇ ಸಿಂಬಲ್ ಇಡಬೇಕು, ಆಂಪಿಯರ್ ಕೈಯಾರೆ ಟೈಪ್ ಮಾಡಬೇಕು. ಆ ಗೆರೆ ಬರೀ ಗೆರೆ. ಮಾಡೆಲ್‌ನಲ್ಲಿರುವ ಪ್ಯಾನೆಲ್‌ಗೂ ಹಾಳೆಯಲ್ಲಿರುವ ಚೌಕಕ್ಕೂ ನಂಟೇ ಇಲ್ಲ. ದುಡ್ಡು ಕೊಟ್ಟರೆ ಇದಕ್ಕೆಂದೇ ಆಡ್-ಇನ್ ಸಿಗುತ್ತವೆ, ನಮ್ಮಂಥ ಸಣ್ಣ ಆಫೀಸಿಗೆ ಅದು ಭಾರ. ಅದಕ್ಕೇ ಎಷ್ಟೋ ಜನ ಇವತ್ತಿಗೂ ಎಸ್‌ಎಲ್‌ಡಿಯನ್ನು ಆಟೋಕ್ಯಾಡ್‌ನಲ್ಲೇ ಮಾಡಿ ತಂದು ಸೇರಿಸುತ್ತಾರೆ. ಅದು 1982ರ ಸಾಫ್ಟ್‌ವೇರ್. ಗೆರೆ ಎಳೆಯೋಕೆ ಈಗಲೂ ಅದೇ ಸಲೀಸು.

ಆ ಅಣ್ಣನ ಜೇಬಿನಲ್ಲಿ ಎಸ್‌ಎಲ್‌ಡಿಯ ಎ3 ಹಾಳೆ ಇತ್ತು. ನಾಲ್ಕು ಮಡಿಕೆ. ಮಡಿಕೆ ಹರಿದಲ್ಲೆಲ್ಲ ಸೆಲ್ಲೋಟೇಪ್. ಎಳೆದು ಮುಗಿದ ಫೀಡರ್‌ಗಳ, ಅಂದರೆ ಪ್ಯಾನೆಲ್‌ಗೆ ಹೋಗುವ ಕೇಬಲ್‌ಗಳ ಮೇಲೆ ಕೆಂಪು ಪೆನ್ನಿನ ಟಿಕ್. ಲಿಫ್ಟ್ ಫೀಡರ್ ಮೇಲೆ ಮಾತ್ರ ಒಂದು ಪ್ರಶ್ನೆ ಚಿಹ್ನೆ.

"ಟ್ಯಾಬ್‌ನಲ್ಲಿ ಮಾಡೆಲ್ ಕೊಟ್ಟಿದ್ದಾರಲ್ಲ ಅಣ್ಣ, ನೋಡಲ್ವಾ?" ಅಂದೆ.

"ನೋಡ್ತೀನಿ ಮೇಡಂ, ಚೆನ್ನಾಗೇ ಇದೆ. ಟ್ರೇ ಎಷ್ಟು ಎತ್ತರದಲ್ಲಿ ಅಂತ ಅದರಲ್ಲಿ ತಿಳಿಯುತ್ತೆ. ಆದ್ರೆ ಕರೆಂಟ್ ಎಲ್ಲಿಂದ ಹೊರಟು ಎಲ್ಲಿಗೆ ಹೋಯ್ತು ಅಂತ ತಿಳಿಯೋದು ಇದರಲ್ಲೇ."

ಮೂರು ಫೇಸು, ಒಂದು ನ್ಯೂಟ್ರಲ್, ಎಲ್ಲ ಸೇರಿ ಒಂದೇ ಗೆರೆ. ಹನ್ನೊಂದು ಮಹಡಿ ಒಂದು ಹಾಳೆಯಲ್ಲಿ. ದೂರ ಇಲ್ಲ, ಎತ್ತರ ಇಲ್ಲ. ಅವನ್ನೆಲ್ಲ ಬಿಟ್ಟಿದ್ದಕ್ಕೇ ಅದು ಓದೋಕೆ ಸಿಗುತ್ತದೆ. ಸಾಫ್ಟ್‌ವೇರ್‌ಗೆ ಬಿಡೋದು ಬರಲ್ಲ. ಒಂದು ಪ್ಯಾನೆಲ್ ಇಟ್ಟರೂ ಯಾವ ಟೈಪ್, ಯಾವ ಫ್ಲೋರ್, ನೆಲದಿಂದ ಎಷ್ಟು ಎತ್ತರ, ಎಲ್ಲ ಬೇಕು ಅದಕ್ಕೆ.

ಹೂಡಿಯಲ್ಲಿ ಮೆಟ್ರೋ ಹತ್ತಿದೆ. ಸೀಟು ಸಿಗಲಿಲ್ಲ, ಬಾಗಿಲ ಮೇಲಿನ ಸ್ಟೇಷನ್ ಪಟ್ಟಿ ನೋಡುತ್ತಾ ನಿಂತೆ. ಕೆ.ಆರ್. ಪುರದಿಂದ ಬೆನ್ನಿಗಾನಹಳ್ಳಿಗೆ ಎಷ್ಟೊಂದು ದೂರ! ಮೆಜೆಸ್ಟಿಕ್‌ನಿಂದ ಸಿಟಿ ರೈಲ್ವೆ ಸ್ಟೇಷನ್ ಪಕ್ಕದಲ್ಲೇ. ಪಟ್ಟಿಯಲ್ಲಿ ಎರಡೂ ಒಂದೇ ಗೇಣು. ಯಾರಿಗೂ ತಕರಾರಿಲ್ಲ, ಎಲ್ಲರೂ ಇಳಿಯೋ ಕಡೆ ಸರಿಯಾಗಿ ಇಳಿಯುತ್ತಾರೆ.

ಅಮ್ಮ ಫೋನ್ ಮಾಡಿದ್ದಳು. ಅವರೆಕಾಯಿ ಬಂದಿದೆಯಂತೆ, ಸೊಗಡು ಇನ್ನೂ ಸಾಲದಂತೆ. ಭಾನುವಾರ ಬಾ ಅಂದಳು. ಹೋಗಬೇಕು.

ಊಟ ಆದಮೇಲೆ ಲ್ಯಾಪ್‌ಟಾಪ್ ತೆಗೆದೆ. ಎಸ್‌ಎಲ್‌ಡಿಯ 47 ಫೀಡರ್‌ಗಳನ್ನೂ ಶೆಡ್ಯೂಲ್ ಪಕ್ಕ ಇಟ್ಟು ನೋಡಿದೆ. ಇನ್ನೊಂದು ಕಡೆ ತಪ್ಪು ಸಿಕ್ಕಿತು, ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಪ್ಯಾನೆಲ್‌ನಲ್ಲಿ. ಬೆಳಗ್ಗೆ ಅಣ್ಣನಿಗೆ ಮೊದಲು ಫೋನ್ ಮಾಡಬೇಕು. ರೆವಿಟ್ ಜೊತೆ ಬರುವ ಡೈನಮೋ ಅನ್ನೋ ಟೂಲ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದರೆ ಹೇಗೆ? ಪ್ಯಾನೆಲ್ ಹೆಸರು ಎರಡೂ ಕಡೆ ಒಂದೇ ಇಟ್ಟು, ಮಾಡೆಲ್‌ನಿಂದ ಆಂಪಿಯರ್ ಓದಿ, ಸಿಂಬಲ್ ಒಳಗೆ ಬರೆಸಿದರೆ... ಗೆರೆ ನಾನೇ ಎಳೀತೀನಿ, ಪರವಾಗಿಲ್ಲ, ಆ ಸಂಖ್ಯೆ ಒಂದಾದರೂ ತಾನಾಗೇ ಬರಲಿ.