ಆರು ಹೆಸರು ಹುಡುಕಿದ ಭಾನುವಾರ

ಸಂಕ್ರಾಂತಿ ಮುಗಿದ ಭಾನುವಾರ. ಡೊಂಬಿವಲಿಯ ಮನೆಯಲ್ಲಿ ಕುಸರೆಳ್ಳಿನ ಡಬ್ಬಿ ಸರಿಸಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟಾಗ ಬೆಳಗಿನ ಹತ್ತು ಗಂಟೆ. ತಂಗಿಯ ಮಗಳು ಅಮೆರಿಕದ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕ್ಯಾಟಲಾಗರ್, ಅಂದರೆ ಪುಸ್ತಕಗಳ ಸೂಚಿಯ ದಾಖಲೆ ಮಾಡುವವಳು. ಕನ್ನಡ, ಮರಾಠಿ ಪುಸ್ತಕಗಳು ಅವಳ ಪಾಲಿನವು. ಐದು ವರ್ಷ ಮುಗಿದಿದೆ, ಆರನೆಯ ವರ್ಷ ಟೆನ್ಯೂರ್, ಅಂದರೆ ಕೆಲಸ ಕಾಯಂ ಮಾಡುವ ಪರಿಶೀಲನೆ. ರಜೆ ಮುಗಿಸಿ ವಿಮಾನ ಹತ್ತುವ ಮೊದಲು ಒಂದು ಪಟ್ಟಿ ಕಳಿಸಬೇಕಿತ್ತು: ಅವಳ ಕೆಲಸದ ಬಗ್ಗೆ ಪತ್ರ ಬರೆಯಬಲ್ಲ, ಅವಳ ವಿಶ್ವವಿದ್ಯಾಲಯದ ಹೊರಗಿನವರ ಆರು ಹೆಸರು.

"ಆರು ಮಂದಿ ಅಂದ್ರ ಏನ್ ದೊಡ್ಡದು ಮೌಶಿ? ಅರ್ಧ ತಾಸಿನ ಕೆಲಸ," ಅಂದಳು. ಸಂಜೆ ಆರಕ್ಕೂ ಮುಗಿಯಲಿಲ್ಲ.

ಮುಂಬಯಿಯ ಕಾಲೇಜುಗಳಲ್ಲಿ ಗ್ರಂಥಪಾಲಕರ ಬಡ್ತಿ ನೋಡಿದವರಿಗೆ ಇದು ವಿಚಿತ್ರ ಅನಿಸಬಹುದು. ಇಲ್ಲಿ ಬಡ್ತಿ ಅಂದರೆ ಯುಜಿಸಿಯ 2018ರ ನಿಯಮಾವಳಿ, ಸಿಎಎಸ್ ಎಂಬ ಬಡ್ತಿ ಯೋಜನೆಯ ಫೈಲು. ಹಾಜರಾದ ದಿನ ಶೇ 90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ‘ಉತ್ತಮ’, 80 ಅಥವಾ ಅದರ ಮೇಲಿದ್ದರೆ ‘ತೃಪ್ತಿಕರ’. ಸ್ಟಾಕ್ ತಪಾಸಣೆಯಲ್ಲಿ ಕಳೆದುಹೋದ ಪುಸ್ತಕ ಶೇ 0.5ಕ್ಕಿಂತ ಕಡಿಮೆ ಇರಬೇಕು, ಅಂದರೆ 40,000 ಪುಸ್ತಕವಿದ್ದಲ್ಲಿ 200ರೊಳಗೆ. ಶೇ 1ರೊಳಗಿದ್ದರೆ ಒಂದು ಮೆಟ್ಟಿಲು ಕೆಳಗೆ. ಎಲ್ಲದಕ್ಕೂ ಸರ್ಟಿಫಿಕೇಟು, ಪ್ರಾಚಾರ್ಯರ ಸಹಿ, ಶಿಕ್ಕಾ. ನಿಮ್ಮ ಬಗ್ಗೆ ಪರಊರಿನವರು ಯಾರೂ ಮೂರು ಪುಟ ಬರೆಯಬೇಕಾಗಿಲ್ಲ. ಓದುಗನಿಗೆ ಹುಡುಕಿಕೊಟ್ಟ ಪುಸ್ತಕದ ಲೆಕ್ಕ ಮಾತ್ರ ಆ ಕೋಷ್ಟಕದಲ್ಲಿ ಎಲ್ಲಿಯೂ ಕೂರುವುದಿಲ್ಲ, ಅದು ಬೇರೆ ಮಾತು.

ಅಮೆರಿಕದಲ್ಲಿಯೂ ಎಲ್ಲ ಗ್ರಂಥಪಾಲಕರಿಗೆ ಟೆನ್ಯೂರ್ ಇಲ್ಲ. ಅಧ್ಯಾಪಕರ ಸ್ಥಾನಮಾನ ಕೊಟ್ಟಿರುವ ಕಡೆ ಮಾತ್ರ ಇದೆ. ಅಲ್ಲಿ ಮೂರು ಭಾಗ ನೋಡುತ್ತಾರೆ: ಗ್ರಂಥಾಲಯದ ಕೆಲಸ, ಪ್ರಕಟಣೆ, ವೃತ್ತಿಸಂಘಗಳ ಸೇವೆ. ಸಿಕ್ಕರೆ ಕಾಯಂ, ಸಿಗದಿದ್ದರೆ ಸಾಮಾನ್ಯವಾಗಿ ಕೊನೆಯ ಒಂದು ವರ್ಷ ಮುಗಿಸಿ ಹೊರಡಬೇಕು. ಆ ಫೈಲಿನಲ್ಲಿ ಅಭ್ಯರ್ಥಿಯ ಕೈ ತಾಗದ ಕಾಗದ ಅಂದರೆ ಈ ಪತ್ರಗಳೇ. ಆದ್ದರಿಂದ ಅವಕ್ಕೆ ತೂಕ.

ಅವಳು ಮೊದಲು ಬರೆದ ಮೂರು ಹೆಸರು ಹತ್ತು ನಿಮಿಷದಲ್ಲಿ ಹೊಡೆದುಹೋದವು. ಒಬ್ಬರು ಹಿಂದಿನ ಕೆಲಸದ ಮೇಲಧಿಕಾರಿ, ಇನ್ನೊಬ್ಬರು ಎಂ.ಎ. ಓದುವಾಗಿನ ಮಾರ್ಗದರ್ಶಕಿ, ಮೂರನೆಯವರು ಒಂದು ಲೇಖನದ ಸಹಲೇಖಕ. ಮೂವರೂ ಅವಳನ್ನು ಚೆನ್ನಾಗಿ ಬಲ್ಲವರು, ಅದೇ ಅವರ ದೋಷ. ಅವಳು ಗೆದ್ದರೆ ತಾವೂ ಒಂದಿಷ್ಟು ಗೆಲ್ಲುವಂಥವರು ಇಲ್ಲಿ ಬೇಡ. ಸಮಿತಿ ಇಂಥ ಪತ್ರವನ್ನು ಓದುವ ಮೊದಲೇ ಬದಿಗಿಡಬಹುದು. ಇನ್ನೂ ಕೆಟ್ಟದ್ದೆಂದರೆ, ಸಂಬಂಧ ಮುಚ್ಚಿಟ್ಟು ಬರೆದ ಪತ್ರ ಸಿಕ್ಕಿಬಿದ್ದಾಗ ಉಳಿದ ಪತ್ರಗಳ ಮೇಲೂ ಅನುಮಾನ ಬೀಳುತ್ತದೆ.

"ಹಂಗಾದ್ರ ನನ್ನ ಗೊತ್ತಿರೋರು ಯಾರೂ ಬರಿಯೂ ಹಂಗಿಲ್ಲೇನು?"

ಗೊತ್ತಿರುವುದು ಬೇರೆ, ಹತ್ತಿರವಿರುವುದು ಬೇರೆ. ಸಮ್ಮೇಳನದಲ್ಲಿ ಅವಳ ಭಾಷಣ ಕೇಳಿದವರು ಆಗಬಹುದು. ಅವಳ ಲೇಖನವನ್ನು ತಮ್ಮ ಲೇಖನದಲ್ಲಿ ಉಲ್ಲೇಖಿಸಿದವರು ಇನ್ನೂ ಒಳ್ಳೆಯದು, ಏಕೆಂದರೆ ಓದಿದ್ದಾರೆ ಅನ್ನುವುದಕ್ಕೆ ಸಾಕ್ಷಿ ಇದೆ. ಜೊತೆಗೆ, ಅವರು ಅವಳು ಬಯಸುವ ದರ್ಜೆಯಲ್ಲಿ ಅಥವಾ ಅದಕ್ಕಿಂತ ಮೇಲಿರಬೇಕು. ಎಷ್ಟು ಹೆಸರಾಂತ ಗ್ರಂಥಪಾಲಕರಾದರೂ ಅವರ ಸಂಸ್ಥೆಯಲ್ಲಿ ಟೆನ್ಯೂರ್ ಪದ್ಧತಿಯೇ ಇಲ್ಲವಾದರೆ ಕೆಲವು ಸಮಿತಿಗಳು ಒಪ್ಪುವುದಿಲ್ಲ. ಅವರ ಗ್ರಂಥಾಲಯದ ಜಾಲತಾಣದಲ್ಲಿ ಹುದ್ದೆಯ ಹೆಸರು ನೋಡಿದರೆ ಅದರ ಒಂದು ಅಂದಾಜು ಸಿಗಬಹುದು.

ಹೀಗೆ ಒಂದು ಸ್ಪ್ರೆಡ್‌ಶೀಟ್ ತೆರೆದೆವು. ಕಾಲಮ್ಮುಗಳು ಏಳು: ಹೆಸರು, ದರ್ಜೆ, ಸಂಸ್ಥೆ, ಅಲ್ಲಿ ಟೆನ್ಯೂರ್ ಇದೆಯೋ ಇಲ್ಲವೋ, ಪರಿಚಯ ಹೇಗೆ, ಒಟ್ಟಿಗೆ ಬರೆದದ್ದು ಅಥವಾ ಒಂದೇ ಸಮಿತಿಯಲ್ಲಿ ಕೂತದ್ದು ಏನಾದರೂ ಇದೆಯೇ, ಇವರೇ ಯಾಕೆ. ಏಳನೆಯದನ್ನು ಖಾಲಿ ಬಿಡುವವರೇ ಹೆಚ್ಚು. ಆದರೆ ಸಮಿತಿಯ ಅಧ್ಯಕ್ಷರು ಮೊದಲು ಓದುವುದು ಅದನ್ನೇ. "ಕ್ಯಾಟಲಾಗಿಂಗ್ ತಜ್ಞರು" ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. "ಭಾರತೀಯ ಭಾಷೆಗಳ ಲಿಪ್ಯಂತರದ ಬಗ್ಗೆ ಬರೆದಿದ್ದಾರೆ, ನನ್ನ ಎರಡನೆಯ ಲೇಖನದ ವಿಷಯ ಅದೇ" ಎಂದರೆ ಒಂದು ಸಾಲಿನಲ್ಲಿ ಕೆಲಸವಾಯಿತು.

ಮಧ್ಯಾಹ್ನ ಊಟದ ಹೊತ್ತಿಗೆ ನಿಜವಾದ ತೊಡಕು ಎದ್ದಿತು. ವಿಶ್ವವಿದ್ಯಾಲಯ ಮಟ್ಟದ ಸಮಿತಿಯಲ್ಲಿ ಕೂರುವವರು ರಸಾಯನಶಾಸ್ತ್ರದವರು, ಇತಿಹಾಸದವರು. ಅವರಿಗೆ ಕ್ಯಾಟಲಾಗರ್ ಮಾಡುವ ಕೆಲಸ ಕಾಣುವುದೇ ಇಲ್ಲ. ಕುವೆಂಪು ಅಂದರೂ ಕೆ. ವಿ. ಪುಟ್ಟಪ್ಪ ಅಂದರೂ ಒಬ್ಬರೇ ಎಂದು ನಮಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಅಂಬಿಕಾತನಯದತ್ತ ಎಂದು ಹುಡುಕಿದವನಿಗೆ ದ. ರಾ. ಬೇಂದ್ರೆಯವರ ಪುಸ್ತಕಗಳೆಲ್ಲ ಒಟ್ಟಿಗೆ ಸಿಗಬೇಕಾದರೆ ಯಾರೋ ಒಬ್ಬರು ಕೂತು ಅಧಿಕೃತ ನಾಮದಾಖಲೆ ಮಾಡಿ, ಕಾವ್ಯನಾಮ, ಇನಿಶಿಯಲ್ಲು, ಬೇರೆ ಬೇರೆ ಸ್ಪೆಲಿಂಗುಗಳನ್ನೆಲ್ಲ ಅದಕ್ಕೆ ಕಟ್ಟಿರಬೇಕು. ರೋಮನ್ ಲಿಪಿಗೆ ಇಳಿಸುವಾಗ ಲ ಮತ್ತು ಳ, ಎ ಮತ್ತು ಏ ಬೇರೆ ಮಾಡಬೇಕು. ಸಮಾಸಪದವನ್ನು ಎಲ್ಲಿ ಬಿಡಿಸಬೇಕೆಂಬುದು ತಪ್ಪಿದರೆ ಪುಸ್ತಕ ಕಪಾಟಿನಲ್ಲಿದ್ದೂ ಹುಡುಕಾಟದಲ್ಲಿ ಸಿಗುವುದಿಲ್ಲ. ನ್ಯಾಕೋ ಎಂಬ ಸಹಕಾರಿ ಯೋಜನೆಯಲ್ಲಿ ಇಂಥ ದಾಖಲೆ ಸೇರಿಸುವವರ ಕೆಲಸವನ್ನು ಮೊದಮೊದಲು ಅನುಭವಿಗಳು ಒಂದೊಂದಾಗಿ ತಿದ್ದುತ್ತಾರೆ. ಕೈ ಪಳಗಿದೆ ಎಂದಾದ ಮೇಲಷ್ಟೇ ಸ್ವತಂತ್ರವಾಗಿ ಸೇರಿಸಲು ಬಿಡುತ್ತಾರೆ. ಆ "ಸ್ವತಂತ್ರ" ಅನ್ನುವ ಶಬ್ದದ ಬೆಲೆ ರಸಾಯನಶಾಸ್ತ್ರದ ಪ್ರೊಫೆಸರಿಗೆ ಯಾರಾದರೂ ಹೇಳಬೇಕು. ಹೊಗಳಿಕೆಗಿಂತ ಈ ವಿವರಣೆಯೇ ಪತ್ರದ ಮುಖ್ಯ ಕೆಲಸ. ಆದ್ದರಿಂದ ಆರರಲ್ಲಿ ಕನಿಷ್ಠ ಮೂವರು ಕ್ಯಾಟಲಾಗಿಂಗಿನವರೇ ಇರಲಿ, ಒಬ್ಬರು ದಕ್ಷಿಣ ಏಷ್ಯಾ ಸಂಗ್ರಹ ನೋಡಿಕೊಳ್ಳುವವರು ಎಂದು ಹಂಚಿದೆವು. ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಕ್ಯಾಂಪಸ್ಸಿನ ಕನ್ನಡ ಪ್ರಾಧ್ಯಾಪಕರೊಬ್ಬರ ಹೆಸರು ಹೇಳಿದಳು. ಸಾಹಿತ್ಯ ಬಲ್ಲರು, ದಾಖಲೆ ಹೇಗಾಗುತ್ತದೆಂದು ಬಲ್ಲರೇ? ಬಿಟ್ಟೆವು.

ಪಟ್ಟಿ ಕೊಡುವುದು ಅವಳ ಕೆಲಸ, ಪತ್ರ ಕೇಳುವುದು ಅವಳದಲ್ಲ. ಅದನ್ನು ಸಮಿತಿಯ ಅಧ್ಯಕ್ಷರೋ ಡೀನರೋ ಮಾಡುತ್ತಾರೆ, ತಮ್ಮ ಕಡೆಯ ಹೆಸರುಗಳನ್ನೂ ಸೇರಿಸುತ್ತಾರೆ. ಆಯ್ಕೆಯಾದವರು ಯಾರೆಂದು ಹಲವು ಕಡೆ ಅಭ್ಯರ್ಥಿಗೆ ಹೇಳುವುದೂ ಇಲ್ಲ. "ಸುಮ್ಮನ ಒಂದ್ ಮೇಲ್ ಹಾಕಿ ಕೇಳ್ಲಾ, ಬರೀತೀರೇನಂತ?" ಅಂದಾಗ ಬೇಡವೆಂದೆ. ನಿಯಮದಲ್ಲಿ ನಿಷೇಧವಿದ್ದರೆ ಆ ಒಂದು ಮೇಲ್‌ನಿಂದ ಒಳ್ಳೆಯ ಹೆಸರೊಂದು ಕೈತಪ್ಪುತ್ತದೆ. ಅವಳ ಸಂಸ್ಥೆಯ ಕೈಪಿಡಿ ತೆರೆದು ನೋಡಿದೆವು. ನಿಷೇಧವಿತ್ತು.

ಹಾಗಾದರೆ ಅವಳ ಕೈಯಲ್ಲಿ ಉಳಿಯುವುದು ಬರೆಯುವವರ ಮುಂದೆ ಬೀಳುವ ಕಟ್ಟು: ಸಿ.ವಿ., ತನ್ನ ಕೆಲಸದ ನಿರೂಪಣೆ, ಆಯ್ದ ಮಾದರಿಗಳು. ಪತ್ರ ಪೊಳ್ಳಾಗಿದ್ದರೆ ತಪ್ಪು ಹೆಚ್ಚಾಗಿ ಈ ಕಟ್ಟಿನಲ್ಲೇ ಇರುತ್ತದೆ. ಹತ್ತು ಮಾದರಿ ತುಂಬಿದರೆ ಯಾರೂ ಪೂರ್ತಿ ಓದುವುದಿಲ್ಲ, ಮೂರೋ ನಾಲ್ಕೋ ಸಾಕು. ಲಿಂಕುಗಳಲ್ಲಿ ಅರ್ಧದಷ್ಟು ಅವಳ ಸಂಸ್ಥೆಯ ಲಾಗಿನ್ ಕೇಳುತ್ತಿದ್ದವು. ನನ್ನ ಫೋನಿನಲ್ಲಿ ಒತ್ತಿ ನೋಡಿದ್ದಕ್ಕೆ ಗೊತ್ತಾಯಿತು, ಅವಳ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಸರಾಗ ತೆರೆಯುತ್ತಿತ್ತು. ಎಲ್ಲವನ್ನೂ ಪಿಡಿಎಫ್ ಮಾಡಿ ಕಡತದ ಹೆಸರಿನ ಮುಂದೆ ಅಂಕಿ ಹಾಕಿದೆವು. ದಾಖಲೆಗಳ ಮಾದರಿಗೆ ಒಂದು ಪುಟದ ಟಿಪ್ಪಣಿ: ಈ ದಾಖಲೆಗೆ ಮೊದಲು ಏನಿತ್ತು, ಅವಳು ಏನು ಬದಲಿಸಿದಳು, ಯಾಕೆ. ಸಹಲೇಖನವಿದ್ದಲ್ಲಿ ತನ್ನ ಪಾಲು ಎಷ್ಟೆಂದು ಒಂದು ಸಾಲು. ಅದಿಲ್ಲದಿದ್ದರೆ ಬರೆಯುವವರು ಆ ಲೇಖನವನ್ನು ಮುಟ್ಟದೆ ಬಿಡುತ್ತಾರೆ.

ತಾನೇ ಕೇಳಬಹುದಾದ ಪತ್ರಗಳೂ ಇವೆ, ವಿಶ್ವವಿದ್ಯಾಲಯದ ಒಳಗಿನವು. ಅವಳ ನೆರವು ಪಡೆದ ಅಧ್ಯಾಪಕರು, ಜೊತೆಗೆ ಸಮಿತಿಯಲ್ಲಿ ದುಡಿದವರು. ಇವರಿಗೆ ಆರು ವಾರ ಮೊದಲೇ ಹೇಳಬೇಕು, ಎರಡು ವಾರಕ್ಕೆ ಮುಂಚೆ ಒಮ್ಮೆ ನೆನಪಿಸಬೇಕು. "ನನ್ನ ಬಗ್ಗೆ ಬರೀರಿ" ಎಂದರೆ "ಸದಾ ಹಸನ್ಮುಖಿ, ಸಹಾಯಕ್ಕೆ ಸಿದ್ಧ" ಎಂದು ಬರುತ್ತದೆ. ಅದು ಯಾವ ಗುಮಾಸ್ತರಿಗೂ ಒಪ್ಪುವ ಮಾತು. ಯಾವ ವರ್ಷ, ಯಾವ ಕೋರ್ಸು, ಎಷ್ಟು ವಿದ್ಯಾರ್ಥಿಗಳು, ಏನು ಹುಡುಕಿಕೊಟ್ಟೆ ಎಂದು ನಾಲ್ಕು ಸಾಲು ನೆನಪಿಸಿದರೆ ಪತ್ರಕ್ಕೆ ಮೈ ಬರುತ್ತದೆ. ಆದರೆ ತಾನೇ ಪತ್ರದ ಕರಡು ಬರೆದು ಕೊಡುವ ಹುಚ್ಚು ಬೇಡ. ಇಲ್ಲಿ ಸರ್ಟಿಫಿಕೇಟು ನಾವೇ ಟೈಪ್ ಮಾಡಿ ಸಹಿಗೆ ಒಯ್ಯುವ ಅಭ್ಯಾಸ ನಮಗೆಲ್ಲ ಇದೆ. ಅಲ್ಲಿ ಇಬ್ಬರು ಬರೆದ ಪತ್ರದಲ್ಲಿ ಒಂದೇ ವಾಕ್ಯ ಕಂಡರೆ ಎರಡೂ ಹೋದವು. ಲೆಟರ್‌ಹೆಡ್, ತಾರೀಖು, ಸಹಿ ಇರಬೇಕು, ವರ್ಡ್ ಕಡತವಾಗಿ ಬರಬಾರದು.

ಪತ್ರಗಳ ಗುಟ್ಟಿನ ವಿಷಯ ಬೇಗ ಮುಗಿಯಿತು. ಅಮೆರಿಕದ ಕೆಲವು ರಾಜ್ಯಗಳ ಕಾನೂನಿನಲ್ಲಿ ಅಭ್ಯರ್ಥಿ ಪತ್ರಗಳನ್ನು ನೋಡಬಹುದು, ಕೆಲವು ಕಡೆ ನೋಡುವ ಹಕ್ಕು ಬಿಟ್ಟುಕೊಡುವ ಅರ್ಜಿಗೆ ಸಹಿ ಕೇಳುತ್ತಾರೆ. ಯಾವುದೆಂದು ತಿಳಿದೇ ಸಹಿ ಮಾಡು ಎಂದೆ, ಅಷ್ಟೇ.

ಸಂಜೆ ಚಹಾಕ್ಕೆ ಐದು ಸಾಲು ತುಂಬಿದ್ದವು. ಆರನೆಯವರು ಎರಡು ವರ್ಷದ ಹಿಂದೆ ಅವಳೊಡನೆ ಒಂದೇ ಗೋಷ್ಠಿಯಲ್ಲಿ ಮಾತಾಡಿದವರು. ಒಟ್ಟಿಗೆ ಏನೂ ಬರೆದಿಲ್ಲ, ಗೋಷ್ಠಿಯ ಪ್ರಸ್ತಾವವನ್ನು ಮಾತ್ರ ನಾಲ್ವರು ಸೇರಿ ಕಳಿಸಿದ್ದರು. ಅದು ಸಹಲೇಖನವೇ? ಕೈಪಿಡಿಯಲ್ಲಿ ಇರಲಿಲ್ಲ. ಅಮೆರಿಕದ ಪೂರ್ವತೀರದಲ್ಲಿ ಆಗಿನ್ನೂ ಭಾನುವಾರದ ಬೆಳಗು, ಹತ್ತೂವರೆ ತಾಸು ಹಿಂದೆ. ಸಮಿತಿಯ ಅಧ್ಯಕ್ಷರಿಗೆ ಎರಡು ಸಾಲಿನ ಮೇಲ್ ಬರೆದು, ಅವರ ಕಚೇರಿ ತೆರೆಯುವ ಹೊತ್ತಿಗೆ ಹೋಗುವಂತೆ ಸಮಯ ಗೊತ್ತುಮಾಡಿ, ಪಟ್ಟಿಯ ಆರನೆಯ ಸಾಲಿಗೆ ಹಳದಿ ಬಣ್ಣ ಹಾಕಿಟ್ಟಳು.