ಒಬ್ಬೊಬ್ಬರನ್ನೂ ಎಣಿಸುವ ಸರ್ವನಾಮಗಳು

ಇಂಗ್ಲಿಷಿನ ಅನಿರ್ದಿಷ್ಟ ಸರ್ವನಾಮಗಳನ್ನು, ಅಂದರೆ ಇಂಥವರು, ಇಂಥದ್ದು ಎಂದು ಗೊತ್ತುಮಾಡಿ ಹೇಳದ ‘ಎವ್ರಿವನ್’, ‘ಸಮ್’ನಂಥ ಪದಗಳನ್ನು, ಸಾಮಾನ್ಯವಾಗಿ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುತ್ತಾರೆ. ನಮ್ಮ ಮೇಷ್ಟ್ರು ಪಟ್ಟಿ ಕೊಡಲಿಲ್ಲ. ‘ಎವ್ರಿವನ್ ಹ್ಯಾಸ್ ಕಮ್’ ಎಂದು ಹಲಗೆಯ ಮೇಲೆ ಬರೆದು, ಇಷ್ಟು ಜನ ಇರುವಾಗ ‘ಹ್ಯಾವ್’ ಏಕೆ ಬರಲಿಲ್ಲ ಎಂದು ಕೇಳಿದರು. ‘ಎಲ್ಲರೂ ಬಂದರು’ ಎಂದೇ ಹೇಳಿ ಬೆಳೆದ ನಮಗೆ ಉತ್ತರ ಹೊಳೆಯಲಿಲ್ಲ. ಈ ಪದ ಗುಂಪನ್ನು ಒಟ್ಟಾಗಿ ನೋಡುವುದಿಲ್ಲ, ಗುಂಪಿನ ಒಬ್ಬೊಬ್ಬರನ್ನೂ ಬಿಡಿಯಾಗಿ ಎಣಿಸುತ್ತದೆ ಎಂದು ಅವರೇ ಬಿಡಿಸಿ ಹೇಳಿದರು. ಅಷ್ಟು ತಿಳಿದ ಮೇಲೆ ‘ಈಚ್’, ‘ಸಂಬಡಿ’, ‘ನೋಬಡಿ’ಗಳಿಗೆ ಬೇರೆ ಪಾಠ ಬೇಕಾಗಲಿಲ್ಲ. ‘ಈಚ್ ಆಫ್ ದ ಬಾಯ್ಸ್’ ಎಂಬಲ್ಲಿ ಪಕ್ಕದ ‘ಬಾಯ್ಸ್’ ಎಷ್ಟೇ ಸೆಳೆದರೂ ಕ್ರಿಯಾಪದ ‘ಈಸ್’ ಆಗಿಯೇ ನಿಲ್ಲಬೇಕು. ‘ಬೋತ್’, ‘ಮೆನಿ’, ‘ಸೆವೆರಲ್’ ಬಹುವಚನ. ‘ಸಮ್’, ‘ಆಲ್’, ‘ಮೋಸ್ಟ್’ ಮಾತ್ರ ತಾವು ಸೂಚಿಸುವ ವಸ್ತುವನ್ನು ಅವಲಂಬಿಸುತ್ತವೆ: ನೀರಾದರೆ ‘ಈಸ್’, ಪುಸ್ತಕಗಳಾದರೆ ‘ಆರ್’.

ನನಗೆ ಅತ್ಯಂತ ಪ್ರಿಯವಾದದ್ದು ‘ಫ್ಯೂ’ ಮತ್ತು ‘ಎ ಫ್ಯೂ’ಗಳ ಪಾಠ. ಸಭೆಗೆ ಐದು ಮಂದಿ ಬಂದಿದ್ದಾರೆ ಎನ್ನೋಣ. ‘ಫ್ಯೂ ಕೇಮ್’ ಎಂದವನು ಬಾರದವರನ್ನು ನೆನೆದು ಕೊರಗುತ್ತಿದ್ದಾನೆ; ‘ಎ ಫ್ಯೂ ಕೇಮ್’ ಎಂದವನಿಗೆ ಬಂದವರ ಬಗ್ಗೆ ಸಮಾಧಾನವಿದೆ. ಸಂಖ್ಯೆ ಬದಲಾಗಿಲ್ಲ, ಹೇಳುವವನ ಮನಸ್ಸು ಬದಲಾಗಿದೆ. ಇಷ್ಟು ಪುಟ್ಟ ‘ಎ’ ಅಷ್ಟು ದೊಡ್ಡ ಕೆಲಸ ಮಾಡುವುದನ್ನು ಕಂಡ ದಿನವೇ ನಾನು ಭಾಷೆಯನ್ನು ಓದಬೇಕೆಂದು ನಿರ್ಧರಿಸಿದೆ. ‘ಸಮ್’ ಕೂಡ ಹೀಗೆಯೇ. ಪ್ರಶ್ನೆಯಲ್ಲಿ ‘ಎನಿ’ ಬರಬೇಕೆಂಬುದು ಸಾಮಾನ್ಯ ನಿಯಮವಾದರೂ, ಯಾರಿಗಾದರೂ ಏನನ್ನಾದರೂ ಕೊಡುವಾಗ ‘ಸಮ್’ ಎಂದೇ ಕೇಳುತ್ತಾರೆ. ಆ ಪ್ರಶ್ನೆ ‘ಹೌದು’ ಎಂಬ ಉತ್ತರವನ್ನು ಬಯಸುತ್ತದೆ.

ಒಂದು ವಿಷಯದಲ್ಲಿ ಮಾತ್ರ ಇಂದು ನನ್ನ ಅಭಿಪ್ರಾಯ ಬೇರೆ. ‘ಎವ್ರಿವನ್’ ನಂತರ ‘ಹಿಸ್’ ಬರೆಯಬೇಕೆಂದು ಅವರು ಕಲಿಸಿದ್ದರು. ಆಗಿನ ಪಠ್ಯಗಳೂ ಹಾಗೆಯೇ ಹೇಳುತ್ತಿದ್ದವು. ಆದರೆ ಒಬ್ಬ ವ್ಯಕ್ತಿಗೆ ‘ದೇ’ ಬಳಸುವ ರೂಢಿ 14ನೆಯ ಶತಮಾನದಷ್ಟು ಹಳೆಯದು. ಅದನ್ನು ತಪ್ಪೆಂದವರು 18ನೆಯ ಶತಮಾನದ ಮತ್ತು ಅನಂತರದ ವ್ಯಾಕರಣಕಾರರು. ಅಮೆರಿಕದ ಮನೋವಿಜ್ಞಾನ ಸಂಘದ ಬರವಣಿಗೆ ಕೈಪಿಡಿ 2019ರ ಆವೃತ್ತಿಯಲ್ಲಿ ಈ ಬಳಕೆಯನ್ನು ಒಪ್ಪಿಕೊಂಡಿತು. ಹೆಣ್ಣುಮಕ್ಕಳೂ ಕುಳಿತಿರುವ ತರಗತಿಯಲ್ಲಿ ‘ಹಿಸ್’ ಅರ್ಧ ಜನರನ್ನು ಹೊರಗಿಡುತ್ತದೆ ಎಂದು ಮೇಷ್ಟ್ರ ಎದುರೇ ವಾದಿಸುವ ಅವಕಾಶ ನನಗೆ ಸಿಗಬೇಕಿತ್ತು. ಈಗ ಓದುತ್ತಿರುವವರು ‘ಎವ್ರಿವನ್ ಹ್ಯಾಸ್ ಬ್ರಾಟ್ ದೇರ್ ಬುಕ್’ ಎಂದು ಅಳುಕಿಲ್ಲದೆ ಬರೆಯಿರಿ. ‘ದೇರ್’ ಬಂದಿತೆಂದು ‘ಹ್ಯಾಸ್’ ಅನ್ನು ಮಾತ್ರ ‘ಹ್ಯಾವ್’ ಮಾಡಬೇಡಿ.